ಮಹಾ ಮರಳಿ ಬಂದ ಬಯಲು

ಅರಬ್ ನಾಡುಗಳಲ್ಲಿ ಹೆಣ್ಣು ಮಗುವಿಗೆ 'ಮಹಾ' ಎಂದು ಹೆಸರಿಡುವುದುಂಟು. ನಮ್ಮ ಕಿವಿಗೆ ಅದು 'ದೊಡ್ಡದು' ಎಂಬಂತೆ ಕೇಳಿಸುತ್ತದೆ. ಅರಬಿಯಲ್ಲಿ ಅದು ಮರುಭೂಮಿಯ ಒಂದು ಬಿಳಿ ಪ್ರಾಣಿಯ ಹೆಸರು. ಹೊರಗಿನವರು ಅದನ್ನು ಅರೇಬಿಯನ್ ಓರಿಕ್ಸ್ ಎನ್ನುತ್ತಾರೆ. ನೋಡಲು ದೊಡ್ಡ ಜಿಂಕೆಯಂತಿದ್ದು ಉದ್ದನೆಯ ನೇರ ಕೊಂಬುಗಳಿರುವ ಪ್ರಾಣಿ ಇದು. ಅದರ ಕಪ್ಪು ಕಣ್ಣುಗಳ ಚೆಲುವಿಗೆ ಹೆಣ್ಣಿನ ಕಣ್ಣನ್ನು ಹೋಲಿಸುವ ಪರಿಪಾಠ ಇಸ್ಲಾಮಿಗಿಂತಲೂ ಮುಂಚಿನ ಅರಬಿ ಕವಿಗಳಿಂದಲೇ ಬಂದಿದೆ. ಕತಾರ್ ಏರ್‌ವೇಸ್ ವಿಮಾನದ ಮೇಲೆ ಅದರ ಚಿತ್ರವಿದೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಲಾಂಛನ ಪ್ರಾಣಿಯೂ ಅದೇ. ಒಮಾನಿನ ಪೆಟ್ರೋಲ್ ಬಂಕ್‌ಗಳ ಮೇಲೆ 'ಅಲ್ ಮಹಾ' ಎಂಬ ಬೋರ್ಡನ್ನು ನೋಡದ ಗಲ್ಫ್ ಉದ್ಯೋಗಿ ನಮ್ಮ ಕರಾವಳಿಯಲ್ಲಿ ಸಿಗಲಾರ. ಆದರೆ ಆ ಬೋರ್ಡಿನ ಕೆಳಗೆ ಇಪ್ಪತ್ತು ವರ್ಷ ಪೆಟ್ರೋಲ್ ತುಂಬಿಸಿಕೊಂಡವರಲ್ಲಿಯೂ ಆ ಪ್ರಾಣಿಯನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ.

ಅದಕ್ಕೆ ಕಾರಣವಿದೆ. 1972ರಿಂದ 1982ರ ವರೆಗೆ, ಪೂರಾ ಹತ್ತು ವರ್ಷ, ಈ ಪ್ರಾಣಿ ಭೂಮಿಯ ಮೇಲೆ ಎಲ್ಲಿಯೂ ಸ್ವತಂತ್ರವಾಗಿ ಬದುಕಿರಲಿಲ್ಲ. ಮೃಗಾಲಯಗಳಲ್ಲಿ ಮತ್ತು ಶೇಖ್‌ಗಳ ತೋಟಗಳಲ್ಲಿ ಮಾತ್ರ ಉಳಿದಿತ್ತು.

ಮಸ್ಕತ್‌ನಿಂದ ಸಲಾಲಕ್ಕೆ ಸಾವಿರ ಕಿ.ಮೀ. ದಾರಿ. ಖರೀಫ್ ಮಳೆಯ ಕಾಲದಲ್ಲಿ ಸಲಾಲದ ಹಸಿರು ನೋಡಲು ಹೊರಡುವ ನಮ್ಮವರು ಈ ದಾರಿಯನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ನಿಝ್ವಾ ದಾಟಿ, ಆದಮ್ ದಾಟಿದ ಮೇಲೆ ಬೆಟ್ಟಗಳು ಹಿಂದೆ ಸರಿಯುತ್ತವೆ. ಮತ್ತೆ ಬರೀ ಬಯಲು. ಮಕ್ಕಳು ನಿದ್ದೆ ಹೋಗುತ್ತಾರೆ, ಡ್ರೈವರ್‌ಗೆ ನಿದ್ದೆ ಬಾರದಿರಲೆಂದು ಪಕ್ಕದಲ್ಲಿರುವವರು ಮಾತಾಡುತ್ತಲೇ ಇರಬೇಕು. ಐನೂರು ಕಿ.ಮೀ.ಗೂ ಮಿಕ್ಕಿ ಹೋದ ಮೇಲೆ ಹೈಮಾ ಎಂಬ ಊರು. ಪೆಟ್ರೋಲ್, ನಮಾಝ್, ಚಹಾ, ಪರೋಟ. ಅಷ್ಟು ಮುಗಿಸಿ ಮತ್ತೆ ಹೊರಡುತ್ತಾರೆ. ಹೈಮಾದಿಂದ ಪೂರ್ವಕ್ಕೆ, ಸಮುದ್ರದ ದಿಕ್ಕಿಗೆ ತಿರುಗುವವರು ವಿರಳ. ನಾವು ಒಂದು ಡಿಸೆಂಬರ್‌ನಲ್ಲಿ ತಿರುಗಿದೆವು. ಮೊದಲೇ ಅನುಮತಿ ಪಡೆದಿರಬೇಕು. ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿಯೂ ಬೇಕು. ಎರಡೂ ಇದ್ದವು.

ಆ ಬಯಲಿನ ಹೆಸರು ಜಿದ್ದತ್ ಅಲ್ ಹರಾಸೀಸ್. ಹರಾಸೀಸ್ ಎಂಬುದು ಅಲ್ಲಿನ ಅಲೆಮಾರಿ ಬುಡಕಟ್ಟು. ಒಂಟೆ, ಆಡು ಮೇಯಿಸಿ ಬದುಕಿದವರು. ಅರಬಿಯೇ ಅಲ್ಲದ 'ಹರ್ಸೂಸಿ' ಎಂಬ ತಮ್ಮದೇ ಪುರಾತನ ಭಾಷೆಯನ್ನು ಆಡುವವರು. ಇಂದು ಅದನ್ನು ಆಡುವವರು ಕೆಲವೇ ನೂರು ಮಂದಿ. ಬಯಲು ಎಂದರೆ ಮರಳಿನ ದಿಬ್ಬಗಳಲ್ಲ. ಸುಣ್ಣಕಲ್ಲಿನ ಚಪ್ಪಟೆ ನೆಲ, ಅದರ ಮೇಲೆ ಹರಳುಗಲ್ಲು, ದೂರ ದೂರಕ್ಕೊಂದು ಜಾಲಿ ಜಾತಿಯ ಮರ. ಅಲ್ಲಲ್ಲಿ ಗಾಫ್ ಮರಗಳೂ ಇವೆ. ಗಾಫ್ ಎಂದರೆ ಬೇರೇನೂ ಅಲ್ಲ, ನಮ್ಮ ಬನ್ನಿ ಮರ. ಸಾವಿರಾರು ಮೈಲಿ ದೂರದ ಆ ಸುಡು ಬಯಲಲ್ಲಿ ಪರಿಚಯದ ಮರವೊಂದನ್ನು ಕಂಡಾಗ ಊರಿನವರೇ ಎದುರಾದಂತೆ ಖುಷಿಯಾಗುತ್ತದೆ.

ಈ ಬಯಲಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಒರತೆಯೂ ಇಲ್ಲ. 1950ರ ದಶಕದ ಕೊನೆಯಲ್ಲಿ ಎಣ್ಣೆ ಹುಡುಕುತ್ತಾ ಬಂದವರು ಹೈಮಾದಲ್ಲಿ ಬಾವಿ ಕೊರೆಯುವ ತನಕ ಹರಾಸೀಸ್ ಜನರು ಬಹುಪಾಲು ಒಂಟೆ ಮತ್ತು ಆಡಿನ ಹಾಲನ್ನೇ ನೀರಾಗಿ ಕುಡಿದು ಬದುಕಿದ್ದರು. ಹಾಗಾದರೆ ಅಲ್ಲಿ ಮರ, ಹುಲ್ಲು ಹೇಗೆ ಉಳಿದವು? ಅದು ಅಲ್ಲಾಹನ ಒಂದು ವಿಶೇಷ ಏರ್ಪಾಡು. ಅರಬ್ಬಿ ಸಮುದ್ರದಿಂದ ರಾತ್ರಿ ವೇಳೆ ಮಂಜು ಏರಿ ಬಂದು ಆ ಬಯಲನ್ನು ಕವಿಯುತ್ತದೆ. ಬೆಳಗಿನ ಜಾವ ಎದ್ದು ಗಾಡಿಯ ಗಾಜನ್ನು ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಮರದೆಲೆಯಿಂದ ಹನಿಗಳು ಬೀಳುತ್ತವೆ. ಓರಿಕ್ಸ್ ಬದುಕುವುದು ಈ ಇಬ್ಬನಿಯ ಮೇಲೆ. ಹುಲ್ಲಿನ ಮೇಲಿನ ತೇವವೇ ಅದರ ನೀರು. ಇಷ್ಟರಿಂದಲೇ ತಿಂಗಳುಗಟ್ಟಲೆ ಬಾಯಾರದೆ ಇರಬಲ್ಲದು. ಮಧ್ಯಾಹ್ನ ಮರದ ಬುಡದಲ್ಲಿ ಗೊರಸಿನಿಂದ ಮಣ್ಣು ಕೆರೆದು, ತಂಪು ಮಣ್ಣಿಗೆ ಮೈಯೊಡ್ಡಿ ಮಲಗುತ್ತದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ. ಎಲ್ಲೋ ದೂರದಲ್ಲಿ ಮಳೆ ಬಿದ್ದರೆ ಹಿಂಡು ಆ ದಿಕ್ಕಿಗೆ ನಡೆಯುತ್ತದೆ.

ಇಷ್ಟೆಲ್ಲ ಕೊಟ್ಟ ಸೃಷ್ಟಿಕರ್ತನು ಅದಕ್ಕೆ ಒಂದನ್ನು ಕೊಡಲಿಲ್ಲ: ಓಟದ ವೇಗ. ಬಯಲಲ್ಲಿ ಬಿಳಿಯಾಗಿ ದೂರದಿಂದಲೇ ಕಾಣಿಸುತ್ತದೆ, ಓಡಿ ತಪ್ಪಿಸಿಕೊಳ್ಳಲಾರದು. ಒಂಟೆಯ ಮೇಲೆ ಬರುತ್ತಿದ್ದ ಬದೂಯಿಗೆ ದಿನಗಟ್ಟಲೆ ಹಿಂಬಾಲಿಸಿದರೆ ಒಂದು ಸಿಗುತ್ತಿತ್ತು. ಅದರ ಮಾಂಸ ಅವನ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ಎಣ್ಣೆಯ ದುಡ್ಡಿನೊಂದಿಗೆ ಜೀಪು ಮತ್ತು ಸ್ವಯಂಚಾಲಿತ ಬಂದೂಕು ಬಂದ ಮೇಲೆ ಬೇಟೆ ಹೊಟ್ಟೆಪಾಡು ಆಗಿ ಉಳಿಯಲಿಲ್ಲ, ಶೋಕಿಯಾಯಿತು. ಸಾಲು ಗಾಡಿಗಳಲ್ಲಿ ಬಂದು ಕಂಡದ್ದನ್ನೆಲ್ಲ ಉರುಳಿಸಿ ಹೋದರು. 1972ರ ಅಕ್ಟೋಬರ್‌ನಲ್ಲಿ ಈ ಜಿದ್ದತ್ ಬಯಲಿನಲ್ಲಿಯೇ ಕೊನೆಯ ಕಾಡು ಓರಿಕ್ಸ್‌ಗಳು ಗುಂಡಿಗೆ ಬಲಿಯಾದವು.

ಆ ದಿನ ಬರುತ್ತದೆಂದು ಹತ್ತು ವರ್ಷ ಮುಂಚೆಯೇ ಕೆಲವರು ಊಹಿಸಿದ್ದರು. 1962ರಲ್ಲಿ ಲಂಡನ್ನಿನ ಪ್ರಾಣಿ ಸಂರಕ್ಷಣಾ ಸಂಘವೊಂದು ಮೇಜರ್ ಇಯಾನ್ ಗ್ರಿಮ್‌ವುಡ್ ಎಂಬವರ ನೇತೃತ್ವದಲ್ಲಿ ಇಂದಿನ ಯಮನ್‌ನ ಗಡಿ ಮರುಭೂಮಿಯಿಂದ ನಾಲ್ಕು ಓರಿಕ್ಸ್‌ಗಳನ್ನು ಹಿಡಿಯಿತು. ಒಂದು ಸತ್ತಿತು, ಮೂರು ಉಳಿದವು. ಲಂಡನ್ ಮೃಗಾಲಯ, ಕುವೈತ್ ಮತ್ತು ಸೌದಿಯ ದೊರೆ ಸವೂದ್ ಅವರ ಕಡೆಯಿಂದ ಬಂದವುಗಳೂ ಸೇರಿ ಒಟ್ಟು ಒಂಬತ್ತು. ಇವನ್ನು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ಮೃಗಾಲಯದಲ್ಲಿ ಸಾಕಿದರು. ಅಲ್ಲಿನ ಹವೆಯೂ ಒಣ ಹವೆ. ಅರೇಬಿಯಾದ ಹೆಮ್ಮೆಯ ಪ್ರಾಣಿ ಅಮೆರಿಕದ ಮರುಭೂಮಿಯಲ್ಲಿ ಮರಿ ಹಾಕಿತು!

ಒಮಾನಿನ ಸುಲ್ತಾನ್ ಕಾಬೂಸ್ ಅವುಗಳನ್ನು ತವರಿಗೆ ತರಿಸಲು ಮನಸ್ಸು ಮಾಡಿದರು. 1980ರಲ್ಲಿ ಮೊದಲ ಪ್ರಾಣಿಗಳು ವಿಮಾನದಲ್ಲಿ ಬಂದವು. ಬಯಲಿನ ನಡುವಿನ ಯಾಲೂನಿ ಎಂಬಲ್ಲಿ (ಈಗ ಜಅಲೂನಿ ಎಂದು ಬರೆಯುತ್ತಾರೆ) ಬೇಲಿಯೊಳಗೆ ಅವನ್ನು ಇರಿಸಿ ಬಿಸಿಲಿಗೆ, ಹುಲ್ಲಿಗೆ ಒಗ್ಗಿಸಿದರು. ಮೃಗಾಲಯದಲ್ಲಿ ಹುಟ್ಟಿದ್ದಕ್ಕೆ ಹಿಂಡಿನಲ್ಲಿ ನಡೆಯುವುದೂ ಗೊತ್ತಿರುವುದಿಲ್ಲ. 1982ರ ಜನವರಿ 31ರಂದು ಹತ್ತು ಓರಿಕ್ಸ್‌ಗಳಿಗೆ ಬೇಲಿಯ ಬಾಗಿಲು ತೆರೆಯಲಾಯಿತು.

ಅವುಗಳನ್ನು ಕಾಯಲು ನೇಮಿಸಿದ್ದು ಹರಾಸೀಸ್ ಯುವಕರನ್ನು. ಇಡೀ ಯೋಜನೆಯ ಅತ್ಯಂತ ಬುದ್ಧಿವಂತಿಕೆಯ ನಿರ್ಧಾರ ಅದೇ ಎಂದು ನನ್ನ ಅಭಿಪ್ರಾಯ. ಆ ಬಯಲಿನಲ್ಲಿ ಹೆಜ್ಜೆ ಗುರುತು ನೋಡಿ ಯಾವ ಪ್ರಾಣಿ, ಯಾವಾಗ ಹೋಯಿತು ಎಂದು ಹೇಳಬಲ್ಲವರು ಅವರು. ಸಂಬಳ, ಗಾಡಿ, ರೇಡಿಯೋ ಸಿಕ್ಕಿತು. ತಂದೆಯ ಕಾಲದ ಪ್ರಾಣಿ ಮರಳಿ ಬಂದ ಸಂತೋಷವೂ ಸಿಕ್ಕಿತು. ಸಂಖ್ಯೆ ಏರುತ್ತಾ ಹೋಯಿತು. 1994ರಲ್ಲಿ ಯುನೆಸ್ಕೋ ಆ ಅಭಯಾರಣ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1996ರ ಹೊತ್ತಿಗೆ ಓರಿಕ್ಸ್‌ಗಳು ನಾನೂರನ್ನು ದಾಟಿದ್ದವು. ಜಗತ್ತಿನ ಪರಿಸರ ಸಭೆಗಳಲ್ಲೆಲ್ಲ ಒಮಾನಿನ ಉದಾಹರಣೆ ಕೊಡುತ್ತಿದ್ದರು.

ಹಾಗಿದ್ದೂ ಎಲ್ಲಿ ತಪ್ಪಿತು?

ಮಾನವಶಾಸ್ತ್ರಜ್ಞೆ ಡಾನ್ ಚಾಟಿ 1980ರ ದಶಕದ ಆರಂಭದಿಂದಲೇ ಹರಾಸೀಸ್ ಜನರೊಂದಿಗೆ ಕೆಲಸ ಮಾಡಿದವರು. ಅವರ ಆಕ್ಷೇಪ ನೇರವಾಗಿದೆ. ಯೋಜನೆಯನ್ನು ರೂಪಿಸಿದ್ದು ಹೊರಗಿನವರು. ಆ ನೆಲದಲ್ಲಿ ತಲೆಮಾರುಗಳಿಂದ ಮೇಯಿಸಿದವರನ್ನು ಕೂರಿಸಿ ಕೇಳಿರಲಿಲ್ಲ. ಕೆಲವರಿಗೆ ಕೆಲಸ ಸಿಕ್ಕಿತು, ನಿಜ. ಆದರೆ ಉಳಿದವರಿಗೆ ಅಭಯಾರಣ್ಯ ಎಂದರೆ ನಿರ್ಬಂಧಗಳ ಪಟ್ಟಿ. ಅವರ ಆಡುಗಳೇ ಹುಲ್ಲಿಗೆ ಶತ್ರು ಎಂಬಂತೆ ತಜ್ಞರ ವರದಿಗಳು ಮಾತಾಡಿದವು. ಪರಿಸರವಾದಿಗಳ ಕಡೆಯ ಮಾತೂ ಸುಳ್ಳಲ್ಲ. ಟ್ಯಾಂಕರ್ ನೀರು ಬಂದ ಮೇಲೆ ಆಡಿನ ಹಿಂಡುಗಳು ಮೊದಲಿನಂತೆ ಮಳೆ ಹುಡುಕಿ ಜಾಗ ಬಿಟ್ಟು ಹೋಗುವುದು ಕಡಿಮೆಯಾಗಿ, ಒಂದೇ ಕಡೆ ಮೇಯುವುದು ಹೆಚ್ಚಾಗುತ್ತದೆ. ಇಬ್ಬರ ಮಾತಿನಲ್ಲಿಯೂ ಸತ್ಯವಿರುವುದರಿಂದಲೇ ಈ ಚರ್ಚೆ ಮುಗಿಯುವುದಿಲ್ಲ.

1996ರ ಫೆಬ್ರವರಿಯಲ್ಲಿ ಕಳ್ಳರು ಬಂದರು. ಈ ಬಾರಿ ಮಾಂಸಕ್ಕಲ್ಲ. ಜೀವಂತ ಓರಿಕ್ಸ್‌ಗೆ ಗಡಿಯಾಚೆ ಒಳ್ಳೆಯ ಬೆಲೆಯಿತ್ತು. ತಮ್ಮ ಖಾಸಗಿ ತೋಟಗಳಲ್ಲಿ ಅಲಂಕಾರಕ್ಕೆ ಸಾಕಲು ಬಯಸುವ ಶ್ರೀಮಂತರಿದ್ದರು. ಅದರಲ್ಲಿಯೂ ಹೆಣ್ಣು ಮತ್ತು ಮರಿಗಳಿಗೆ ಬೇಡಿಕೆ. ಗಾಡಿಯಲ್ಲಿ ಅಟ್ಟಿ, ಕಾಲು ಕಟ್ಟಿ ಒಯ್ಯುವಾಗ ಎಷ್ಟೋ ದಾರಿಯಲ್ಲೇ ಸತ್ತವು. 1998ರ ಸೆಪ್ಟೆಂಬರ್‌ನಲ್ಲಿ ಎಣಿಸಿದಾಗ ಉಳಿದಿದ್ದು 138. ಅವುಗಳಲ್ಲಿ ಹೆಣ್ಣು ಕೇವಲ 28. ಗಾಬರಿಯಾಗಿ ನಲವತ್ತನ್ನು ಹಿಡಿದು ಮತ್ತೆ ಬೇಲಿಯೊಳಗೆ ತಂದರು. ಹದಿನಾರು ವರ್ಷ ಹಿಂದೆ ಬಾಗಿಲು ತೆರೆದ ಅದೇ ಜಾಗದಲ್ಲಿ ಬಾಗಿಲು ಮುಚ್ಚಬೇಕಾಯಿತು.

2007ರಲ್ಲಿ ಇನ್ನೊಂದು ಪೆಟ್ಟು. ಅಭಯಾರಣ್ಯದ ವಿಸ್ತೀರ್ಣವನ್ನು ಸರಕಾರ ಶೇಕಡಾ 90ರಷ್ಟು ಕಡಿತಗೊಳಿಸಿತು. ಕಾರಣ, ನೆಲದಡಿಯ ಎಣ್ಣೆ ಮತ್ತು ಅನಿಲ. ಆಗ ಓರಿಕ್ಸ್‌ಗಳ ಸಂಖ್ಯೆ 65ಕ್ಕೆ ಇಳಿದಿತ್ತು. ಆ ವರ್ಷ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದು ಹಾಕಿತು. ಆ ಪಟ್ಟಿಯಿಂದ ಒಂದು ತಾಣವನ್ನು ತೆಗೆದು ಹಾಕಿದ್ದು ಅದೇ ಮೊದಲು. ಆಡು ಮೇಯಿಸುವವನಿಗೆ ಹುಲ್ಲಿನ ಲೆಕ್ಕ ಕೇಳಿದ ಜಗತ್ತು, ಎಣ್ಣೆ ಬಾವಿಗೆ ಹತ್ತರಲ್ಲಿ ಒಂಬತ್ತು ಪಾಲು ಬಿಟ್ಟುಕೊಟ್ಟಿತಲ್ಲ ಎಂದು ಆ ಬಯಲಲ್ಲಿ ನಿಂತಾಗ ಅನಿಸದಿರದು.

ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದು ಸಮಾಧಾನ. ಬೇಲಿಯೊಳಗಿನವು ಮರಿ ಹಾಕುತ್ತಾ ಬಂದವು. ಅಭಯಾರಣ್ಯಕ್ಕೆ ಈಗ ಅಲ್ ವುಸ್ತಾ ವನ್ಯಜೀವಿ ಮೀಸಲು ಎಂದು ಹೆಸರು. 2021ರ ವೇಳೆಗೆ ಅಲ್ಲಿ 750ರ ಸಮೀಪ ಓರಿಕ್ಸ್‌ಗಳಿದ್ದವು. ಸೌದಿ ಅರೇಬಿಯಾ 1990ರಲ್ಲಿ ಮಹಾಝತುಸ್ಸೈದ್‌ನಲ್ಲಿ, 1995ರಲ್ಲಿ ಉರೂಕ್ ಬನೀ ಮಆರಿದ್‌ನಲ್ಲಿ ಓರಿಕ್ಸ್‌ಗಳನ್ನು ಬಿಟ್ಟಿತು. ಯುಎಇ, ಜೋರ್ಡಾನ್ ಕೂಡ ಕೈ ಹಾಕಿದವು. 2011ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಓರಿಕ್ಸ್ ಅನ್ನು 'ಅಪಾಯದಂಚಿನ' ಪಟ್ಟಿಯಿಂದ ಒಂದು ಮೆಟ್ಟಿಲು ಮೇಲಕ್ಕೆ ತಂದಿತು. ಕಾಡಿನಿಂದ ಸಂಪೂರ್ಣ ಅಳಿದ ಒಂದು ಪ್ರಾಣಿ ಅಷ್ಟು ಮೇಲೆ ಏರಿದ್ದು ಅದೇ ಮೊದಲು ಎಂದು ಒಕ್ಕೂಟ ಹೇಳಿತು. ಆಗ ಕಾಡಿನಲ್ಲಿ ಇದ್ದವು ಸುಮಾರು ಒಂದು ಸಾವಿರ.

ಜಅಲೂನಿಯಲ್ಲಿ ನಮ್ಮನ್ನು ಕರೆದೊಯ್ದ ಕಾವಲುಗಾರ ಹರಾಸೀಸ್‌ನವರೇ. ಐವತ್ತು ದಾಟಿದ ಮನುಷ್ಯ, ತಲೆಗೆ ಮಾಸಿದ ರುಮಾಲು, ಮಿತವಾದ ಮಾತು. ಮೊದಲು ಕಹ್ವಾ, ಖರ್ಜೂರ. ಅದಾಗದೆ ಅವರು ಗಾಡಿ ಹತ್ತಲಿಲ್ಲ. ಬೇಲಿಯೊಳಗೆ ಸ್ವಲ್ಪ ದೂರ ಹೋದ ಮೇಲೆ ಕೈ ತೋರಿಸಿದರು. ನನಗೆ ಬಿಸಿಲ ಝಳವಲ್ಲದೆ ಏನೂ ಕಾಣಿಸಲಿಲ್ಲ. ಮತ್ತೆ ಆ ಝಳದೊಳಗಿಂದ ಕೆಲವು ಬಿಳಿ ಚುಕ್ಕೆಗಳು ಅಲುಗಿದವು. ಹತ್ತಿರವಾದಂತೆ ಕಪ್ಪು ಕಾಲು, ಮುಖದ ಮೇಲಿನ ಕಪ್ಪು ಗುರುತು, ಕತ್ತಿಯಂತೆ ನೆಟ್ಟಗಿರುವ ಕೊಂಬು. ಒಂದು ಪಕ್ಕಕ್ಕೆ ತಿರುಗಿತು. ಎರಡು ಕೊಂಬುಗಳು ಒಂದರ ಹಿಂದೆ ಒಂದು ಅಡಗಿ ಒಂದೇ ಕೊಂಬಿನಂತೆ ಕಂಡವು. ಒಂಟಿ ಕೊಂಬಿನ ಕುದುರೆಯ ಕಥೆ ಹುಟ್ಟಿದ್ದು ಇದನ್ನು ನೋಡಿಯೇ ಎಂದು ಕೆಲವರು ಹೇಳುವುದರಲ್ಲಿ ಆಶ್ಚರ್ಯವಿಲ್ಲ. ಕಂದು ಬಣ್ಣದ ಮರಿಯೊಂದು ತಾಯಿಯ ಹಿಂದೆ ನಿಂತು ನಮ್ಮನ್ನೇ ದಿಟ್ಟಿಸುತ್ತಿತ್ತು.

ಇವು ಬೇಲಿಯ ಹೊರಗೆ ಯಾವಾಗ ಹೋಗುತ್ತವೆ ಎಂದು ಕೇಳಿದೆವು. ಆತ ಕೂಡಲೇ ಉತ್ತರಿಸಲಿಲ್ಲ. ಹೊರಗೆ ಬಿಡುವುದು ದೊಡ್ಡ ಕೆಲಸವಲ್ಲ ಸಹೋದರಿ, ಹೊರಗೆ ಕಾಯುವುದು ಕೆಲಸ ಎಂದರು. ಹೊರಗೆ ಆತನ ಮನೆಯವರ ಆಡುಗಳೂ ಇದ್ದವು. ಅದನ್ನೂ ಬೆರಳು ಮಾಡಿ ತೋರಿಸಿದರು.

ಬೇಲಿಯ ಬಗ್ಗೆ ತಜ್ಞರಲ್ಲಿಯೂ ಒಮ್ಮತವಿಲ್ಲ. ಬೇಲಿಯಿದ್ದರೆ ಕಳ್ಳರಿಂದ ರಕ್ಷಣೆ. ಆದರೆ ಮಳೆಯ ಹಿಂದೆ ನಡೆಯುವ ಪ್ರಾಣಿಗೆ ಬೇಲಿಯೇ ಮರಣವಾಗಬಹುದು. ಸೌದಿಯ ಮಹಾಝತುಸ್ಸೈದ್ ಎರಡು ಸಾವಿರ ಚದರ ಕಿ.ಮೀ.ಗೂ ದೊಡ್ಡದು. ಸುತ್ತಲೂ ಬೇಲಿ. ಬರಗಾಲ ಬಂದಾಗ ಅಲ್ಲಿಯ ಓರಿಕ್ಸ್‌ಗಳು ಹೊರಗೆ ಹೋಗಲಾಗದೆ ನೂರಾರು ಸಂಖ್ಯೆಯಲ್ಲಿ ಹಸಿವಿನಿಂದ ಸತ್ತವು. ಅದೇ ಉರೂಕ್ ಬನೀ ಮಆರಿದ್‌ನಲ್ಲಿ, ರುಬುಉಲ್ ಖಾಲಿ ಮರುಭೂಮಿಯ ಅಂಚಿನಲ್ಲಿ, ಬೇಲಿಯಿಲ್ಲದೆ ಅವು ಬದುಕುತ್ತಿವೆ. ಆ ತಾಣ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಚರ್ಚೆಯನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು 'ಹಿಮಾ'. ಹಿಮಾ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಇಸ್ಲಾಮಿಗಿಂತ ಮುಂಚೆ ಬಲಾಢ್ಯ ಮುಖಂಡರು ಒಳ್ಳೆಯ ಮೇವಿನ ಜಾಗವನ್ನು ತಮ್ಮ ಒಂಟೆಗಳಿಗೆಂದು ಹಿಡಿದಿಟ್ಟುಕೊಂಡು ಬಡವರನ್ನು ಹೊರಗೆ ಅಟ್ಟುತ್ತಿದ್ದರು. ಪ್ರವಾದಿ(ಸ) ಆ ಖಾಸಗಿ ಹಕ್ಕನ್ನು ಕೊನೆಗೊಳಿಸಿದರು. ಹಿಮಾ ಇರುವುದಾದರೆ ಅದು ಎಲ್ಲರ ಹಿತಕ್ಕಾಗಿ ಮಾತ್ರ. ಮದೀನಾದ ಸುತ್ತಣ ಹರಮ್‌ನಲ್ಲಿ ಬೇಟೆಯಾಡುವುದನ್ನೂ ಮರ ಕಡಿಯುವುದನ್ನೂ ಅವರು ನಿಷೇಧಿಸಿದರು. ಹಜ್ಜ್‌ಗೆ ಹೋದವರಿಗೆ ಇಹ್ರಾಮ್‌ನಲ್ಲಿ ಬೇಟೆ ನಿಷಿದ್ಧವೆಂಬುದು ಗೊತ್ತೇ ಇದೆ.

ಆದರೆ ನನಗೆ ಹೆಚ್ಚು ಹಿಡಿಸುವುದು ಖಲೀಫ ಉಮರ್(ರ)ರವರ ಒಂದು ಘಟನೆ. ಸಹೀಹ್ ಬುಖಾರಿಯಲ್ಲಿ ಅದು ದಾಖಲಾಗಿದೆ. ಹಿಮಾದ ಮೇಲ್ವಿಚಾರಣೆಗೆ ಅವರು ಹುನೈ ಎಂಬ ವಿಮೋಚಿತ ಗುಲಾಮನನ್ನು ನೇಮಿಸಿದರು. ನಾಲ್ಕಾರು ಒಂಟೆ, ನಾಲ್ಕಾರು ಕುರಿ ಇರುವ ಬಡವನನ್ನು ಒಳಗೆ ಬಿಡಬೇಕೆಂದೂ ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್‌ರಂಥ ಅನುಕೂಲಸ್ಥರ ಹಿಂಡಿನ ಬಗ್ಗೆ ಎಚ್ಚರವಾಗಿರಬೇಕೆಂದೂ ಆದೇಶಿಸಿದರು. ಅವರ ಹಿಂಡು ಸತ್ತರೆ ಅವರಿಗೆ ಹೊಲ, ತೋಟಗಳಿವೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರಬೇಕಾಗುತ್ತದೆ ಎಂಬುದು ಅವರ ವಾದವಾಗಿತ್ತು. ಹೆಸರಿಸಿದ ಇಬ್ಬರೂ ಉನ್ನತ ಸಹಾಬಿಗಳು, ಉಮರ್‌ರ ಆಪ್ತರು!

ಜಿದ್ದತ್‌ನಲ್ಲಿ ನಡೆದದ್ದು ಇದರ ತಿರುಗುಮುರುಗು. ಬಡವನ ಆಡಿನ ಮೇಲೆ ಕಣ್ಣಿಟ್ಟರು, ಶ್ರೀಮಂತನ ಖಾಸಗಿ ತೋಟಕ್ಕೆ ಹೋಗುವ ದಾರಿ ತೆರೆದೇ ಇತ್ತು. ಅಂದ ಹಾಗೆ, ಅರೇಬಿಯಾದ ಹಳ್ಳಿಗಳಲ್ಲಿ ಶತಮಾನಗಳಿಂದ ನಡೆದು ಬಂದಿದ್ದ ಹಿಮಾಗಳಲ್ಲಿ ಹೆಚ್ಚಿನವು 1950ರ ದಶಕದಲ್ಲಿ ಮುಕ್ತ ಮೇವಿಗೆ ತೆರೆದುಕೊಂಡು ಹಾಳಾದವು. ಓರಿಕ್ಸ್‌ಗಳು ಕ್ಷಯಿಸುತ್ತಿದ್ದ ಕಾಲವೂ ಅದುವೇ.

ನಮ್ಮ ದೇಶದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಮಧ್ಯಪ್ರದೇಶದ ಕುನೋ ಕಾಡಿನಿಂದ 1998 ಮತ್ತು 2003ರ ನಡುವೆ 24 ಹಳ್ಳಿಗಳನ್ನು ಎತ್ತಂಗಡಿ ಮಾಡಲಾಯಿತು. ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಗುಜರಾತಿನ ಗಿರ್‌ನಿಂದ ಸಿಂಹಗಳನ್ನು ತಂದು ಬಿಡುತ್ತೇವೆ ಎಂದು ಕಾರಣ ಹೇಳಿದ್ದರು. ಗುಜರಾತ್ ಸಿಂಹ ಕೊಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಸಿಂಹ ಬರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಬಂದವು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಹನ್ನೆರಡು. ಚೀತಾ ಬಂದದ್ದಕ್ಕೆ ಸಂತೋಷಪಡೋಣ. ಆದರೆ ಸಿಂಹಕ್ಕಾಗಿ ಮನೆ ಬಿಟ್ಟವರು ಇಪ್ಪತ್ತು ವರ್ಷ ಯಾವ ಪ್ರಾಣಿಗಾಗಿ ಕಾದಿದ್ದರು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಜಅಲೂನಿಯಿಂದ ಹೊರಟು ನಾವು ಸಲಾಲದ ದಾರಿ ಹಿಡಿದೆವು. ಥುಮ್ರೈತ್ ದಾಟಿದ ಮೇಲೆ ದೋಫಾರ್ ಬೆಟ್ಟಗಳು ಎದ್ದು ನಿಲ್ಲುತ್ತವೆ. ಪೂರ್ವದ ಜಬಲ್ ಸಮ್ಹಾನ್‌ನಲ್ಲಿ ಅರೇಬಿಯನ್ ಚಿರತೆ ಇನ್ನೂ ಉಳಿದಿದೆ. ಜಗತ್ತಿನಲ್ಲೇ ಇನ್ನೂರಕ್ಕಿಂತ ಕಡಿಮೆ ಇರುವ ಪ್ರಾಣಿ ಅದು. ಸೌದಿಯವರು ತಾಯಿಫ್‌ನಲ್ಲಿ ಅದರ ಮರಿಗಳನ್ನು ಬೆಳೆಸಿ ಅಲ್ ಉಲಾದ ಬೆಟ್ಟಗಳಲ್ಲಿ ಬಿಡುವ ಯೋಜನೆ ಹಾಕಿಕೊಂಡಿದ್ದಾರೆ. ಓರಿಕ್ಸ್ ಹುಲ್ಲು ತಿನ್ನುತ್ತದೆ, ಚಿರತೆಗೆ ಆಡು ಬೇಕು. ಸಂಜೆಗೆ ಬೆಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಬೇಕಾಯಿತು. ಮುದುಕಿಯೊಬ್ಬಳು ತನ್ನ ಆಡುಗಳನ್ನು ರಸ್ತೆ ದಾಟಿಸಿ, ಒಂದೊಂದನ್ನೂ ಹೆಸರು ಹಿಡಿದು ಕರೆದು, ಕಲ್ಲಿನ ದೊಡ್ಡಿಗೆ ತುಂಬಿಸುತ್ತಿದ್ದಳು. ಎಣಿಸಿ ಮುಗಿಸಿ ಬಾಗಿಲಿಗೆ ಮುಳ್ಳಿನ ಕಂಟಿ ಎಳೆದಳು.